ಆಕ್ಸೆಸ್ ಫಾರ್ಮ್ ಸ್ಕ್ರೀನಿಗೆ ಕೂರದಿದ್ದಾಗ: ತಪ್ಪಿರುವುದು ಯಾವ ವಿಂಡೋ ಎಂದು ಹುಡುಕುವ ಬಗೆ

"ಫಾರ್ಮು ಅರ್ಧಾನೇ ಕಾಣ್ತೈತ್ರಿ, ಸೇವ್ ಬಟನ್ನೇ ಇಲ್ಲ." ದಾವಣಗೆರೆ ಎಪಿಎಂಸಿ ಯಾರ್ಡಿನ ದಲ್ಲಾಳಿ ಅಂಗಡಿಯಿಂದ ಮೆಕ್ಕೆಜೋಳದ ಸುಗ್ಗಿಯಲ್ಲಿ ಇಂಥ ಫೋನ್ ಬಂದರೆ, ಹೊರಗೆ ಚೀಲಗಳ ಸಾಲು ನಿಂತಿದೆ ಎಂದೇ ಅರ್ಥ. ಅವಸರದಲ್ಲಿ ಎಲ್ಲರೂ ಮಾಡುವ ಕೆಲಸ ಒಂದೇ: ಫಾರ್ಮಿನ ಕೋಡ್ ತೆರೆದು ಒಂದು ಮ್ಯಾಕ್ಸಿಮೈಜ್ ಸಾಲು ಸೇರಿಸಿಬಿಡುವುದು. ಹತ್ತರಲ್ಲಿ ನಾಲ್ಕು ಸಲ ಅದು ಕೆಲಸ ಮಾಡಿದಂತೆ ಕಾಣುತ್ತದೆ. ಮಾರನೆಯ ದಿನ ಇನ್ನೊಂದು ಫಾರ್ಮ್ ಕೆಟ್ಟಿರುತ್ತದೆ.

ಈ ಬರಹ ಮೈಕ್ರೋಸಾಫ್ಟ್ ಆಕ್ಸೆಸ್‌ನಲ್ಲಿ ಮಾಡಿದ ಸಣ್ಣ ಡೇಟಾಬೇಸ್‌ಗಳಿಗೆ ಸಂಬಂಧಿಸಿದ್ದು. ಉದಾಹರಣೆಗೆ ಇಟ್ಟುಕೊಂಡಿರುವುದು "ತೂಕದ ಪಟ್ಟಿ" ಎಂಬ ಒಂದು ಫಾರ್ಮ್: ರೈತರ ಹೆಸರು, ಊರು, ಮಾಲು, ಚೀಲ, ತೂಕ, ದರ, ಹಮಾಲಿ, ನಿವ್ವಳ, ಕೆಳಗೆ ಸೇವ್ ಮತ್ತು ಪ್ರಿಂಟ್ ಬಟನ್. ಚಳ್ಳಕೆರೆಯ ಎಣ್ಣೆ ಮಿಲ್ಲಿನ ಶೇಂಗಾ ಖರೀದಿ ಪುಸ್ತಕವಾದರೂ ಲೆಕ್ಕ ಇದೇ. ಕೋಡಿನ ಪದಗಳನ್ನು ಇಲ್ಲಿ ಉಚ್ಚಾರದಂತೆ ಕನ್ನಡದಲ್ಲಿ ಬರೆದಿದೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರಗಳನ್ನೇ ಬಳಸಬೇಕು, ಪದಗಳ ನಡುವೆ ಜಾಗ ಬಿಡದೆ.

ಗೋಡೆ, ಕಟ್ಟು, ಪಟ

ಕಣ್ಣಿಗೆ ಒಂದೇ ವಿಂಡೋ ಕಂಡರೂ ಅಲ್ಲಿ ಮೂರು ಅಳತೆಗಳಿವೆ. ಗೋಡೆಗೆ ನೇತುಹಾಕಿದ ಕಟ್ಟು ಹಾಕಿಸಿದ ಪಟವನ್ನು ನೆನೆಸಿಕೊಳ್ಳಿ. ಗೋಡೆ ಎಂದರೆ ಆಕ್ಸೆಸ್‌ನ ಹೊರ ವಿಂಡೋ, ಮೇಲಿನ ಬಟನ್‌ಗಳ ಪಟ್ಟಿಯಾದ ರಿಬ್ಬನ್ ಇರುವುದು ಇದರಲ್ಲಿ. ಕಟ್ಟು ಎಂದರೆ ಫಾರ್ಮಿನ ವಿಂಡೋ. ಪಟ ಎಂದರೆ ಡಿಸೈನ್ ವ್ಯೂನಲ್ಲಿ ನೀವು ಎಳೆದು ಅಳತೆ ಕೊಟ್ಟ ಫಾರ್ಮ್ ಹಾಳೆ. ಒಂದನ್ನು ಹಿಗ್ಗಿಸಿದರೆ ಇನ್ನೊಂದು ತಾನಾಗಿ ಹಿಗ್ಗುವುದಿಲ್ಲ. ಕಟ್ಟು ದೊಡ್ಡದಾದ ಮಾತ್ರಕ್ಕೆ ಪಟ ದೊಡ್ಡದಾಗದು, ಸುತ್ತ ಖಾಲಿ ಬಣ್ಣ ಕಾಣುತ್ತದೆ ಅಷ್ಟೆ.

ಯಾವುದು ತಪ್ಪಿದೆ ಎಂದು ಊಹಿಸುವ ಬದಲು ಆಕ್ಸೆಸ್ಸನ್ನೇ ಕೇಳಬಹುದು. ಫಾರ್ಮನ್ನು ಗುಮಾಸ್ತರು ತೆರೆಯುವಂತೆಯೇ ತೆರೆಯಿರಿ. ಕಂಟ್ರೋಲ್ ಜೊತೆ ಜಿ ಒತ್ತಿದರೆ ಇಮ್ಮೀಡಿಯೆಟ್ ವಿಂಡೋ ಬರುತ್ತದೆ. ಅಲ್ಲಿ ಪ್ರಶ್ನೆ ಚಿಹ್ನೆ ಹಾಕಿ ಫಾರ್ಮ್ಸ್(0).ವಿಡ್ತ್ ಎಂದು ಬರೆದು ಎಂಟರ್ ಒತ್ತಿ: ಪಟದ ಅಗಲ ಬರುತ್ತದೆ. ಫಾರ್ಮ್ಸ್(0).ಇನ್‌ಸೈಡ್‌ವಿಡ್ತ್ ಕೇಳಿದರೆ ಕಟ್ಟಿನ ಒಳ ಅಗಲ. ಎತ್ತರಕ್ಕೆ ಫಾರ್ಮ್ಸ್(0).ಇನ್‌ಸೈಡ್‌ಹೈಟ್ ಕೇಳಿ, ಅದನ್ನು ಫಾರ್ಮ್ಸ್(0).ಸೆಕ್ಷನ್(0).ಹೈಟ್ ಜೊತೆ ಹೋಲಿಸಿ. ಸೆಕ್ಷನ್ 0 ಅಂದರೆ ಡೀಟೇಲ್ ಭಾಗ. ಹೆಡರ್, ಫುಟರ್ ಇದ್ದರೆ ಅವುಗಳ ಎತ್ತರವನ್ನೂ ಕೂಡಿಸಬೇಕು. ಒಂದಕ್ಕಿಂತ ಹೆಚ್ಚು ಫಾರ್ಮ್ ತೆರೆದಿದ್ದರೆ 0 ಎನ್ನುವುದು ಮೊದಲು ತೆರೆದ ಫಾರ್ಮ್, ಅದು ಹಿಂದೆ ಅಡಗಿರುವ ಮೆನು ಫಾರ್ಮೂ ಆಗಿರಬಹುದು, ಎಚ್ಚರ.

ಬರುವ ಸಂಖ್ಯೆಗಳು ಟ್ವಿಪ್ ಎಂಬ ಅಳತೆಯಲ್ಲಿರುತ್ತವೆ. ಒಂದು ಇಂಚಿಗೆ 1440 ಟ್ವಿಪ್, ಒಂದು ಸೆಂಟಿಮೀಟರಿಗೆ 567. ಪಟದ ಅಗಲ 18720, ಕಟ್ಟಿನ ಒಳ ಅಗಲ 15000 ಎಂದು ಬಂದರೆ 13 ಇಂಚಿನ ಹಾಳೆಯನ್ನು ಸುಮಾರು 10.4 ಇಂಚಿನ ಕಟ್ಟಿನಲ್ಲಿ ತೂರಿಸಲಾಗಿದೆ ಎಂದಾಯಿತು. ಕಟ್ಟು ಸಾಕಷ್ಟು ದೊಡ್ಡದಿದ್ದೂ ಬಟನ್ ಕಾಣದಿದ್ದರೆ ಕಟ್ಟೇ ಗೋಡೆಯಿಂದ ಹೊರಗೆ ಚಾಚಿದೆ. ಈ ಎರಡಕ್ಕೂ ಮದ್ದು ಬೇರೆ ಬೇರೆ.

ಆಕ್ಸೆಸ್ ರನ್‌ಟೈಮ್ (ಫಾರ್ಮ್ ಓಡಿಸಲಷ್ಟೇ ಬರುವ, ಬದಲಿಸಲು ಬಾರದ ಆವೃತ್ತಿ) ಹಾಕಿದ ಯಂತ್ರದಲ್ಲಿ ಇಮ್ಮೀಡಿಯೆಟ್ ವಿಂಡೋ ಸಿಗುವುದಿಲ್ಲ. ಅಲ್ಲಿಗೆ ಕೊಡುವ ಪ್ರತಿಯಲ್ಲಿ ಒಂದು ತಾತ್ಕಾಲಿಕ ಬಟನ್ ಇಟ್ಟು, ಇದೇ ನಾಲ್ಕು ಸಂಖ್ಯೆಗಳನ್ನು ಮೆಸೇಜ್ ಬಾಕ್ಸಿನಲ್ಲಿ ತೋರಿಸಿ. ಫೋನಿನಲ್ಲೇ ಓದಿಸಿಕೊಳ್ಳಬಹುದು, ಯಾರ್ಡಿಗೆ ಹೋಗಿಬರುವ ಒಂದು ಓಡಾಟ ಉಳಿಯುತ್ತದೆ.

ಏನು ಹಾಕಿದರೂ ಫಾರ್ಮ್ ಪೂರ್ತಿ ಜಾಗ ತುಂಬಿಕೊಂಡರೆ

ಮೊದಲು ಫಾರ್ಮಿನ ನೆತ್ತಿ ನೋಡಿ. ಬ್ರೌಸರಿನಂತೆ ಒಂದು ಟ್ಯಾಬ್ ಕಾಣುತ್ತಿದೆಯೇ? ಹಾಗಿದ್ದರೆ ಬೇರೆ ಏನನ್ನೂ ಮುಟ್ಟಬೇಡಿ. 2007ರ ಆವೃತ್ತಿಯಿಂದ ಈಚೆಗೆ ಹೊಸದಾಗಿ ಮಾಡಿದ ಡೇಟಾಬೇಸ್‌ಗಳು ಟ್ಯಾಬ್ಡ್ ಡಾಕ್ಯುಮೆಂಟ್ಸ್ ಎಂಬ ಸ್ಥಿತಿಯಲ್ಲೇ ಹುಟ್ಟುತ್ತವೆ. ಅಲ್ಲಿ ಸಾಮಾನ್ಯ ಫಾರ್ಮಿಗೆ ಸ್ವಂತ ಕಟ್ಟು ಎಂಬುದೇ ಇಲ್ಲ. ಆಟೋ ರೀಸೈಜ್, ಆಟೋ ಸೆಂಟರ್, ಬಾರ್ಡರ್ ಸ್ಟೈಲ್, ಕೋಡಿನ ಮೂವ್‌ಸೈಜ್ ಎಲ್ಲವೂ ಗಾಳಿಗೆ ಗುದ್ದಿದಂತೆ. ಹಳೆಯ ಎಂಡಿಬಿ ಫೈಲಿನಲ್ಲಿ ವರ್ಷಗಟ್ಟಲೆ ಸರಿಯಾಗಿ ನಡೆದ ಫಾರ್ಮುಗಳನ್ನು ಹೊಸ ಎಸಿಸಿಡಿಬಿ ಫೈಲಿಗೆ ಇಂಪೋರ್ಟ್ ಮಾಡಿದ ಕೂಡಲೇ ಅಳತೆ ಕೆಡುವುದು ಇದೇ ಕಾರಣಕ್ಕೆ. ಫಾರ್ಮ್ ಬಂತು, ಸೆಟ್ಟಿಂಗ್ ಬರಲಿಲ್ಲ.

ಫೈಲ್, ಆಪ್ಷನ್ಸ್, ಕರೆಂಟ್ ಡೇಟಾಬೇಸ್‌ಗೆ ಹೋಗಿ. ಡಾಕ್ಯುಮೆಂಟ್ ವಿಂಡೋ ಆಪ್ಷನ್ಸ್ ಅಡಿಯಲ್ಲಿ ಓವರ್‌ಲ್ಯಾಪಿಂಗ್ ವಿಂಡೋಸ್ ಆರಿಸಿ, ಓಕೆ ಒತ್ತಿ, ಡೇಟಾಬೇಸ್ ಮುಚ್ಚಿ ಮತ್ತೆ ತೆರೆಯಿರಿ. ಮುಚ್ಚದೆ ಪರೀಕ್ಷೆ ಮಾಡಿ "ಏನೂ ಆಗಲಿಲ್ಲ" ಎಂದು ಹಿಂದಕ್ಕೆ ಬದಲಿಸಿದವರೇ ಹೆಚ್ಚು. ಸರಿಯಾಗಿ ಬದಲಾಗಿದೆ ಎನ್ನಲು ಒಂದು ಗುರುತು: ಹೋಮ್ ಟ್ಯಾಬಿನಲ್ಲಿ ವಿಂಡೋ ಎಂಬ ಗುಂಪು, ಅದರೊಳಗೆ ಸೈಜ್ ಟು ಫಿಟ್ ಫಾರ್ಮ್ ಎಂಬ ಬಟನ್ ಬಂದಿರುತ್ತದೆ. ಟ್ಯಾಬ್ ಸ್ಥಿತಿಯಲ್ಲಿ ಅದು ಇರುವುದೇ ಇಲ್ಲ.

ಈ ಸೆಟ್ಟಿಂಗ್ ಯಂತ್ರಕ್ಕಲ್ಲ, ಫೈಲಿಗೆ ಸೇರಿದ್ದು. ಮೂರು ಕಂಪ್ಯೂಟರಿಗೆ ಮೂರು ಫ್ರಂಟ್ ಎಂಡ್ (ಫಾರ್ಮ್, ಕೋಡ್ ಇರುವ ಫೈಲ್) ಪ್ರತಿ ಹಂಚಿದ್ದರೆ ಮೂರರಲ್ಲೂ ಬದಲಾಗಬೇಕು.

ಟ್ಯಾಬ್‌ಗಳು ಇರಲಿ, ಒಂದು ಫಾರ್ಮ್ ಮಾತ್ರ ಸಣ್ಣದಾಗಿ ತೆರೆಯಲಿ ಎನ್ನುವವರು ಆ ಫಾರ್ಮಿನ ಪಾಪ್ ಅಪ್ ಪ್ರಾಪರ್ಟಿಯನ್ನು ಯೆಸ್ ಮಾಡಿದರೆ ಸಾಕು. ಪಾಪ್ ಅಪ್ ಫಾರ್ಮ್ ಟ್ಯಾಬಿನೊಳಗೆ ಕೂರುವುದಿಲ್ಲ, ತನ್ನ ಕಟ್ಟನ್ನು ತಾನೇ ತರುತ್ತದೆ. ದರ ಹುಡುಕುವ, ಊರು ಆರಿಸುವ ಸಣ್ಣ ಫಾರ್ಮುಗಳಿಗೆ ಇದೇ ಒಳ್ಳೆಯ ದಾರಿ.

ಮಾಡಿದ ಯಂತ್ರದಲ್ಲಿ ಸರಿ, ಅಂಗಡಿಯಲ್ಲಿ ಅರ್ಧ

ಹೆಚ್ಚಿನ ದೂರುಗಳು ಬರುವುದು ಇಲ್ಲಿಂದ. ಹಾಗಾಗಿ ಸ್ವಲ್ಪ ಲೆಕ್ಕ ಹಾಕಿಯೇ ನೋಡೋಣ.

ವಿಂಡೋಸ್‌ನಲ್ಲಿ ಸ್ಕೇಲ್ 100% ಇದ್ದಾಗ ಒಂದು ಇಂಚಿಗೆ 96 ಪಿಕ್ಸೆಲ್. 125% ಇದ್ದರೆ 120, 150% ಇದ್ದರೆ 144. 1920×1080 ಮಾನಿಟರಿನಲ್ಲಿ 100% ಇಟ್ಟುಕೊಂಡು 13 ಇಂಚು ಅಗಲ, 7.5 ಇಂಚು ಎತ್ತರದ ಫಾರ್ಮ್ ಮಾಡಿದಿರಿ. ಅಂದರೆ 1248×720 ಪಿಕ್ಸೆಲ್. ಅದನ್ನು 1366×768ರ ಹಳೆಯ ಲ್ಯಾಪ್‌ಟಾಪಿಗೆ ಒಯ್ದರೆ, 768ರಲ್ಲಿ ಕೆಳಗಿನ ಟಾಸ್ಕ್‌ಬಾರ್ 40, ಮೇಲಿನ ಶೀರ್ಷಿಕೆ ಪಟ್ಟಿ ಮತ್ತು ರಿಬ್ಬನ್ ಸೇರಿ ಸುಮಾರು 150, ಸ್ಟೇಟಸ್ ಬಾರ್ ಇಪ್ಪತ್ತೈದರಷ್ಟು ಕಳೆಯಬೇಕು. ಫಾರ್ಮಿಗೆ ಉಳಿಯುವುದು 550 ಪಿಕ್ಸೆಲ್, ಅಂದರೆ ಐದೂಮುಕ್ಕಾಲು ಇಂಚಿಗೂ ಕಡಿಮೆ. ಕೆಳಗಿನ ಸುಮಾರು ಎರಡು ಇಂಚು, ಸೇವ್ ಬಟನ್ ಸಮೇತ, ಪರದೆಯಾಚೆ.

ಅದೇ ಲ್ಯಾಪ್‌ಟಾಪಿನ ಮಾಲೀಕರಿಗೆ ಚಾಳೀಸು ಬಂದು ಅಕ್ಷರ ದಪ್ಪ ಮಾಡಿಸಿಕೊಂಡಿದ್ದರೆ ಸ್ಕೇಲ್ 125% ಆಗಿರುತ್ತದೆ. ಆಗ ರಿಬ್ಬನ್, ಟಾಸ್ಕ್‌ಬಾರ್ ಕೂಡ ಹಿಗ್ಗಿ, ಫಾರ್ಮಿಗೆ ಎತ್ತರದಲ್ಲಿ ಸಿಗುವುದು ಹೆಚ್ಚುಕಡಿಮೆ ನಾಲ್ಕು ಇಂಚು, ಅಗಲದಲ್ಲಿ ಹನ್ನೊಂದು ಚಿಲ್ಲರೆ.

"ಹೊಸ ಲ್ಯಾಪ್‌ಟಾಪ್ ತಗೊಂಡೀವ್ರಿ, ಫುಲ್ ಎಚ್‌ಡಿ, ಆದ್ರೂ ಹಿಡಿಸ್ತಿಲ್ಲ" ಎನ್ನುವ ದೂರಿಗೂ ಉತ್ತರ ಇಲ್ಲೇ ಇದೆ. 1920×1080ರ ಸಣ್ಣ ಪರದೆಯ ಲ್ಯಾಪ್‌ಟಾಪುಗಳಲ್ಲಿ ಸ್ಕೇಲ್ 150% ಇರುವುದು ಸಾಮಾನ್ಯ. 1920ನ್ನು ಒಂದೂವರೆಯಿಂದ ಭಾಗಿಸಿದರೆ 1280, 1080ನ್ನು ಭಾಗಿಸಿದರೆ 720. ಅಂದರೆ ಫಾರ್ಮಿನ ಪಾಲಿಗೆ ಅದು ಹಳೆಯ 1366×768ಕ್ಕಿಂತ ಸಣ್ಣ ಪರದೆ. ಚಿತ್ರ ನುಣುಪಾಗಿದೆ, ಜಾಗ ಕಡಿಮೆಯಾಗಿದೆ.

ತುರ್ತಿಗೆ ಫೋನಿನಲ್ಲೇ ಹೇಳಬಹುದಾದ ಎರಡು ಉಪಾಯಗಳಿವೆ. ಕಂಟ್ರೋಲ್ ಜೊತೆ ಎಫ್1 ಒತ್ತಿದರೆ ರಿಬ್ಬನ್ ಮಡಚಿಕೊಂಡು ಸುಮಾರು ಒಂದು ಇಂಚು ಎತ್ತರ ಸಿಗುತ್ತದೆ. ಎಫ್11 ಒತ್ತಿದರೆ ಎಡಗಡೆಯ ನ್ಯಾವಿಗೇಶನ್ ಪೇನ್ ಮರೆಯಾಗಿ ಅಗಲ ಸಿಗುತ್ತದೆ. ಅಂದಿನ ವ್ಯಾಪಾರ ಮುಗಿಸಲು ಇಷ್ಟು ಸಾಕು. ಸ್ಕೇಲನ್ನು 100%ಗೆ ಇಳಿಸಿ ಎಂದು ಮಾತ್ರ ಹೇಳಬೇಡಿ. ಕಣ್ಣು ಮಂಜಾದವರು ಸಂಜೆಯೊಳಗೆ ವಾಪಸ್ ಏರಿಸಿಕೊಳ್ಳುತ್ತಾರೆ, ದೂರು ಮತ್ತೆ ಬರುತ್ತದೆ.

ಶಾಶ್ವತ ಪರಿಹಾರ ಪಟವನ್ನೇ ಕುಗ್ಗಿಸುವುದು. 11 ಇಂಚು ಅಗಲ, 4 ಇಂಚು ಎತ್ತರದೊಳಗೆ ಮುಖ್ಯ ಫಾರ್ಮ್ ಹಿಡಿಸಿದರೆ ಮೇಲೆ ಹೇಳಿದ 125%ರ ಹಳೆಯ ಯಂತ್ರದಲ್ಲೂ ನಡೆಯುತ್ತದೆ. ಒಂದೇ ಕಂಬದಂತೆ ಹದಿನಾಲ್ಕು ಖಾನೆಗಳನ್ನು ಕೆಳಕ್ಕೆ ಪೇರಿಸುವ ಬದಲು ಅಕ್ಕಪಕ್ಕ ಎರಡು ಕಂಬ ಮಾಡಿ. ಸೇವ್, ಪ್ರಿಂಟ್ ಬಟನ್‌ಗಳನ್ನು ಡೀಟೇಲ್ ಭಾಗದಿಂದ ತೆಗೆದು ಫಾರ್ಮ್ ಹೆಡರಿಗೋ ಫುಟರಿಗೋ ಹಾಕಿ. ಡೀಟೇಲ್ ಭಾಗ ಸ್ಕ್ರಾಲ್ ಆದರೂ ಹೆಡರ್, ಫುಟರ್ ಕಟ್ಟಿನ ಅಂಚಿಗೆ ಅಂಟಿಕೊಂಡೇ ಇರುತ್ತವೆ. ಈ ಒಂದು ಬದಲಾವಣೆಯಿಂದಲೇ "ಬಟನ್ನೇ ಇಲ್ಲ" ಎನ್ನುವ ಫೋನ್ ನಿಲ್ಲುತ್ತದೆ.

ಕೆಲವರು ಸ್ಕ್ರಾಲ್ ಬಾರ್ಸ್ ಪ್ರಾಪರ್ಟಿಯನ್ನು ನೈದರ್ ಮಾಡಿ ಫಾರ್ಮ್ ಚೆಂದ ಕಾಣಿಸುತ್ತಾರೆ. ಚೆಂದವೇನೋ ಸರಿ, ಆದರೆ ಹಾಳೆ ದೊಡ್ಡದಾದ ದಿನ ಕೆಳಗಿನ ಬಟನ್ನಿಗೆ ಇಲಿ (ಮೌಸ್) ಒಯ್ಯುವ ದಾರಿಯೇ ಇರುವುದಿಲ್ಲ. ಅಳತೆ ಎಲ್ಲ ಯಂತ್ರಗಳಲ್ಲೂ ಸರಿಹೋಗುವವರೆಗೆ ಬೋತ್ ಎಂದೇ ಬಿಡಿ.

ಆ್ಯಂಕರಿಂಗ್ ಬಗ್ಗೆ ಒಂದು ಮಾತು. ಅರೇಂಜ್ ಟ್ಯಾಬಿನ ಆ್ಯಂಕರಿಂಗ್‌ನಿಂದ ಕಟ್ಟು ಹಿಗ್ಗಿದಂತೆ ಖಾನೆಗಳೂ ಹಿಗ್ಗುವಂತೆ ಮಾಡಬಹುದು. ಇದು ಹಿಗ್ಗಿಸಲು ಒಳ್ಳೆಯದು, ಕುಗ್ಗಿಸಲು ಅಲ್ಲ. ಸಣ್ಣ ಅಳತೆಗೆ ಡಿಸೈನ್ ಮಾಡಿ, ಷರಾ ಖಾನೆ ಅಥವಾ ಫಾರ್ಮಿನೊಳಗೆ ಕೂರಿಸಿದ ಸಬ್‌ಫಾರ್ಮಿನಂಥ ಒಂದೆರಡಕ್ಕೆ ಮಾತ್ರ ಆ್ಯಂಕರ್ ಕೊಟ್ಟರೆ ದೊಡ್ಡ ಮಾನಿಟರಿನಲ್ಲಿ ಜಾಗ ವ್ಯರ್ಥವಾಗುವುದಿಲ್ಲ. ಎಲ್ಲ ಖಾನೆಗಳಿಗೂ ಕೊಟ್ಟರೆ ಒಂದರ ಮೇಲೊಂದು ಹತ್ತಿ ಕೂರುತ್ತವೆ.

ಕನ್ನಡ ಲೇಬಲ್ ಇದ್ದರೆ ಇನ್ನೊಂದು ತಲೆನೋವು

ಇಂಗ್ಲಿಷ್ ಅಕ್ಷರಕ್ಕೆ ಸಾಕಾಗುವ 0.25 ಇಂಚಿನ ಲೇಬಲ್‌ನಲ್ಲಿ "ಒಟ್ಟು", "ನಿವ್ವಳ", "ಕ್ವಿಂಟಾಲ್" ಬರೆದು ನೋಡಿ. ಒತ್ತಕ್ಷರದ ಬುಡ ಕತ್ತರಿಸಿ ಹೋಗುವ ಸಂಭವ ಹೆಚ್ಚು. "ಒಟ್ಟು" ಎನ್ನುವುದು "ಒಟು" ಎಂದು ಕಾಣುತ್ತದೆ. ನಿರ್ಮಲಾ ಯುಐ 11 ಪಾಯಿಂಟ್‌ಗೆ 0.3 ಇಂಚು ಎತ್ತರ ಕೊಟ್ಟರೆ ನಿರಾಳ. ಆದರೆ ಹದಿನಾಲ್ಕು ಸಾಲಿಗೆ 0.05ರಂತೆ 0.7 ಇಂಚು ಎತ್ತರ ಹೆಚ್ಚಾಯಿತು ಎಂಬುದನ್ನು ಮೇಲಿನ ಲೆಕ್ಕದಲ್ಲಿ ಸೇರಿಸಿಕೊಳ್ಳಬೇಕು. ಇಂಗ್ಲಿಷ್ ಫಾರ್ಮನ್ನು ಕನ್ನಡಕ್ಕೆ ತಿರುಗಿಸಿದ ಮೇಲೆ ಅಳತೆ ಮೀರಿತು ಎಂಬ ದೂರಿಗೆ ಮೂಲ ಹೆಚ್ಚಾಗಿ ಇದೇ.

ಹಳೆಯ ಯಂತ್ರದಲ್ಲಿ ತುಂಗಾ ಫಾಂಟ್ ಇಟ್ಟು ಮಾಡಿದ ಫಾರ್ಮ್ ವಿಂಡೋಸ್ 10ಕ್ಕೆ ಬಂದರೆ ತುಂಗಾ ಅಲ್ಲಿ ಇಲ್ಲದಿರಬಹುದು. ಅದನ್ನು ಆಪ್ಷನಲ್ ಫೀಚರ್ಸ್‌ನ ಕನ್ನಡ ಸಪ್ಲಿಮೆಂಟಲ್ ಫಾಂಟ್ಸ್ ಮೂಲಕ ಬೇರೆಯಾಗಿ ಹಾಕಬೇಕು. ಇಲ್ಲವಾದರೆ ಬೇರೆ ಫಾಂಟ್ ಆ ಜಾಗಕ್ಕೆ ಬಂದು ಅಗಲ, ಎತ್ತರ ಎರಡೂ ಬದಲಾಗುತ್ತವೆ. ಹೊಸದಾಗಿ ಮಾಡುವುದಾದರೆ ನಿರ್ಮಲಾ ಯುಐ ಒಂದನ್ನೇ ನೆಚ್ಚಿಕೊಳ್ಳಿ.

ಹಾಳೆ ಕುಗ್ಗಿಸಲು ಹೋದರೆ ಕುಗ್ಗುತ್ತಿಲ್ಲ

ಡಿಸೈನ್ ವ್ಯೂನಲ್ಲಿ ಬಲ ಅಂಚನ್ನು ಎಳೆದರೆ ಒಂದು ಜಾಗದಲ್ಲಿ ಗಕ್ಕನೆ ನಿಲ್ಲುತ್ತದೆ, ಅಲ್ಲೇನೂ ಕಾಣುವುದಿಲ್ಲ. ಏನೋ ಇದೆ ಎಂದೇ ತಿಳಿಯಿರಿ: ಖಾಲಿ ಲೇಬಲ್, ಹಿನ್ನೆಲೆ ಬಣ್ಣದ್ದೇ ಗೆರೆ, ವಿಸಿಬಲ್ ನೋ ಮಾಡಿದ ಖಾನೆ. ಕಂಟ್ರೋಲ್ ಜೊತೆ ಎ ಒತ್ತಿದರೆ ಎಲ್ಲದರ ಸುತ್ತ ಹಿಡಿಕೆಗಳು ಮೂಡಿ ಅಡಗಿದ್ದು ಬಯಲಾಗುತ್ತದೆ. ಹೆಡರ್‌ನಲ್ಲಿ ಅಂಗಡಿ ಹೆಸರಿನ ಕೆಳಗೆ ಉದ್ದಕ್ಕೆ ಎಳೆದ ಗೆರೆಯೇ ಸಾಮಾನ್ಯವಾಗಿ ಕಳ್ಳ. ಹೆಡರ್, ಡೀಟೇಲ್, ಫುಟರ್ ಮೂರಕ್ಕೂ ಅಗಲ ಒಂದೇ ಆದ್ದರಿಂದ ಮೂರನ್ನೂ ನೋಡಿ. ಇನ್ನೊಂದು ತುದಿಯ ಮಿತಿಯೂ ಇದೆ: ಬಹುತೇಕ ಆವೃತ್ತಿಗಳಲ್ಲಿ ಫಾರ್ಮಿನ ಅಗಲ 22 ಇಂಚು ದಾಟುವಂತಿಲ್ಲ.

ಪ್ರಾಪರ್ಟಿ ಶೀಟ್‌ನಲ್ಲಿ ವಿಡ್ತ್ ಎದುರು 11 ಎಂದು ಬರೆದಾಗ ಅದು ಇಂಚೋ ಸೆಂಟಿಮೀಟರೋ ಎಂಬುದು ವಿಂಡೋಸ್‌ನ ರೀಜನ್ ಸೆಟ್ಟಿಂಗ್ ಮೇಲೆ ನಿಂತಿದೆ. ಮೆಟ್ರಿಕ್ ಇದ್ದ ಯಂತ್ರದಲ್ಲಿ 11 ಅಂದರೆ 11 ಸೆಂಟಿಮೀಟರ್, ನಾಲ್ಕೂಕಾಲು ಇಂಚಿನಷ್ಟು. ಕೋಡಿನಲ್ಲಿ ಮಾತ್ರ ಯಾವಾಗಲೂ ಟ್ವಿಪ್.

ಅಳತೆ ಸರಿಮಾಡಿ ಉಳಿಸಿದರೂ ಮರುದಿನ ಹಳೆಯದೇ

ಆಟೋ ರೀಸೈಜ್ ಯೆಸ್ ಇದ್ದರೆ ಪ್ರತಿ ಸಲ ತೆರೆಯುವಾಗ ಆಕ್ಸೆಸ್ ಕಟ್ಟನ್ನು ಹಾಳೆಗೆ ಹೊಂದಿಸುತ್ತದೆ. ನೀವು ಕೈಯಿಂದ ಎಳೆದದ್ದು ಲೆಕ್ಕಕ್ಕಿಲ್ಲ. ನೋ ಇದ್ದರೆ ಕೊನೆಗೆ ಸೇವ್ ಮಾಡಿದ ಅಳತೆ ಬರುತ್ತದೆ. ಹೆಚ್ಚಿನ ಫಾರ್ಮುಗಳಿಗೆ ಸರಳ ವಿಧಾನ: ಆಟೋ ರೀಸೈಜ್ ಯೆಸ್, ಆಟೋ ಸೆಂಟರ್ ಯೆಸ್, ಹಾಳೆಯ ಅಳತೆ ಸರಿಯಾಗಿರಲಿ, ಕೋಡ್ ಬೇಡವೇ ಬೇಡ. ಪರೀಕ್ಷಿಸುವಾಗ ಡಿಸೈನ್ ವ್ಯೂನಿಂದ ನೇರ ಫಾರ್ಮ್ ವ್ಯೂಗೆ ಬರಬೇಡಿ. ಹಾಗೆ ಬಂದರೆ ಆಟೋ ರೀಸೈಜ್ ಕೆಲಸ ಮಾಡುವುದಿಲ್ಲ, ಡಿಸೈನ್ ವಿಂಡೋದ ಅಳತೆಯೇ ಉಳಿಯುತ್ತದೆ. ಮುಚ್ಚಿ, ಹೊಸದಾಗಿ ತೆರೆದು ನೋಡಿ.

ಎಸಿಸಿಡಿಇ ಮಾಡಿದ ಫೈಲಿನಲ್ಲಿ ಡಿಸೈನ್ ಬದಲಿಸುವಂತಿಲ್ಲ, ಆದ್ದರಿಂದ ಅಳತೆ ಉಳಿಯುವುದೂ ಇಲ್ಲ. ಮೂಲ ಎಸಿಸಿಡಿಬಿಯಲ್ಲಿ ಸರಿಮಾಡಿ ಹೊಸ ಪ್ರತಿ ತೆಗೆಯಬೇಕು. ಒಂದೇ ಫ್ರಂಟ್ ಎಂಡನ್ನು ನೆಟ್‌ವರ್ಕಿನಲ್ಲಿಟ್ಟು ಎಲ್ಲರೂ ತೆರೆಯುವ ಕಡೆಯೂ ಡಿಸೈನ್ ಬದಲಾವಣೆ ಉಳಿಸಲಾಗದು. ಅದು ವಿಂಡೋ ಅಳತೆಗಿಂತ ದೊಡ್ಡ ಕೇಡು. ಪ್ರತಿ ಯಂತ್ರಕ್ಕೆ ಒಂದು ಫ್ರಂಟ್ ಎಂಡ್ ಕೊಟ್ಟು ಬೇರ್ಪಡಿಸಿ.

ಕೋಡಿನಿಂದಲೇ ಅಳತೆ ಕೊಡುವುದಾದರೆ

ಫಾರ್ಮಿನ ಲೋಡ್ ಈವೆಂಟ್‌ನಲ್ಲಿ ಮಿ.ಮೂವ್ (Me.Move) 0, 0, 15840, 7920 ಎಂದು ಬರೆಯಿರಿ. ಕ್ರಮ: ಎಡ, ಮೇಲೆ, ಅಗಲ, ಎತ್ತರ, ಇಲ್ಲಿ ಅಗಲ 11 ಇಂಚು, ಎತ್ತರ ಐದೂವರೆ. ಆಟೋ ರೀಸೈಜ್ ನೋ ಮಾಡಿಡಿ, ಒಂದು ಫಾರ್ಮಿಗೆ ಇಬ್ಬರು ಯಜಮಾನರು ಬೇಡ. ಡೂಕಮಾಂಡ್‌ನ (ಬರೆಯುವುದು DoCmd ಎಂದು) ಮೂವ್‌ಸೈಜ್ ಕೂಡ ಇದೇ ಕೆಲಸ ಮಾಡುತ್ತದೆ, ಆದರೆ ಅದು ಆ ಕ್ಷಣ ಆ್ಯಕ್ಟಿವ್ ಇರುವ ವಿಂಡೋವನ್ನು ಹಿಡಿಯುತ್ತದೆ. ಮೆನು ಫಾರ್ಮ್ ಮುಂದಿದ್ದರೆ ಮೆನುವೇ ಕುಗ್ಗುತ್ತದೆ. ಮಿ.ಮೂವ್ ಹಾಗಲ್ಲ, ಬರೆದ ಫಾರ್ಮನ್ನೇ ಸರಿಸುತ್ತದೆ.

ಫಾರ್ಮ್ ಬೆಂಕಿಪೊಟ್ಟಣದಷ್ಟಾಗಿ ಮೂಲೆಯಲ್ಲಿ ಮುದುಡಿದರೆ ಪಿಕ್ಸೆಲ್ ಸಂಖ್ಯೆಯನ್ನು ಟ್ವಿಪ್ ಜಾಗದಲ್ಲಿ ಕೊಟ್ಟಿದ್ದೀರಿ. 1024 ಟ್ವಿಪ್ ಎಂದರೆ ಮುಕ್ಕಾಲು ಇಂಚೂ ಇಲ್ಲ. ವಿಂಡೋಸ್ ಎಪಿಐನ (ವಿಂಡೋಸ್‌ನ ಒಳಗಿನ ಆಜ್ಞೆಗಳು) ಮೂವ್‌ವಿಂಡೋ ಬಳಸಿದಾಗ ಇದರ ತಿರುಗುಮುರುಗು: ಅದಕ್ಕೆ ಬೇಕಾದ್ದು ಪಿಕ್ಸೆಲ್. 100% ಸ್ಕೇಲ್‌ನಲ್ಲಿ ಒಂದು ಪಿಕ್ಸೆಲ್ಲಿಗೆ 15 ಟ್ವಿಪ್, 125%ನಲ್ಲಿ 12, 150%ನಲ್ಲಿ 10. ಕೋಡಿನಲ್ಲಿ 15 ಎಂದು ಗಟ್ಟಿಯಾಗಿ ಬರೆದುಬಿಟ್ಟರೆ ಬೇರೆ ಸ್ಕೇಲಿನ ಯಂತ್ರದಲ್ಲಿ ಲೆಕ್ಕ ತಪ್ಪುತ್ತದೆ.

ಓವರ್‌ಫ್ಲೋ ಎಂಬ 6ನೇ ಎರರ್ ದೊಡ್ಡ ಮಾನಿಟರಿನಲ್ಲಿ ಮಾತ್ರ ಬರುತ್ತಿದ್ದರೆ, ಅಳತೆ ಹಿಡಿಯುವ ವೇರಿಯಬಲ್ಲನ್ನು ಇಂಟೀಜರ್ ಎಂದು ಘೋಷಿಸಿರುತ್ತೀರಿ. ಅದರ ಮಿತಿ 32767. 1920 ಪಿಕ್ಸೆಲ್ ಎಂದರೆ 28800, ದಾಟಿಕೊಳ್ಳುತ್ತದೆ; 2560 ಪಿಕ್ಸೆಲ್ ಎಂದರೆ 38400, ಮುಗ್ಗರಿಸುತ್ತದೆ. ಲಾಂಗ್ ಎಂದು ಬದಲಿಸಿ.

ರೀಸೈಜ್ ಈವೆಂಟ್‌ನೊಳಗೆ ಮೂವ್ ಬರೆಯಬೇಡಿ. ಸರಿಸಿದ್ದಕ್ಕೆ ರೀಸೈಜ್ ಮತ್ತೆ ಓಡಿ, ಅದು ಮತ್ತೆ ಸರಿಸಿ, ಫಾರ್ಮ್ ನಡುಗತೊಡಗುತ್ತದೆ. ಫಾರ್ಮನ್ನು ಎಸಿಡಯಲಾಗ್ (acDialog) ಎಂದು ತೆರೆಯುತ್ತಿದ್ದರೆ ತೆರೆಯುವ ಸಾಲಿನ ಕೆಳಗೆ ಅಳತೆಯ ಸಾಲು ಹಾಕಿಯೂ ಫಲವಿಲ್ಲ. ಡಯಲಾಗ್ ಮುಚ್ಚುವವರೆಗೆ ಕೋಡ್ ಅಲ್ಲೇ ಕಾಯುತ್ತದೆ. ಮುಚ್ಚಿದ ಮೇಲೆ ಇಲ್ಲದ ಫಾರ್ಮಿಗೆ ಅಳತೆ ಕೊಡಲು ಹೋಗುತ್ತದೆ. ಅಳತೆಯನ್ನು ಆ ಫಾರ್ಮಿನ ಲೋಡ್‌ನಲ್ಲೇ ಇಡಿ. ಸಬ್‌ಫಾರ್ಮಿಗೂ ಮೂವ್ ನಡೆಯದು, ಅದರ ಅಳತೆ ಮುಖ್ಯ ಫಾರ್ಮಿನ ಮೇಲಿರುವ ಸಬ್‌ಫಾರ್ಮ್ ಕಂಟ್ರೋಲಿನ ಕೈಯಲ್ಲಿದೆ.

ಪಟ್ಟಿ ಪ್ರಿಂಟ್ ನೋಡಿ ವಾಪಸ್ ಬಂದರೆ ಫಾರ್ಮ್ ಊದಿಕೊಂಡಿದೆ

ಓವರ್‌ಲ್ಯಾಪಿಂಗ್ ಸ್ಥಿತಿಯಲ್ಲಿ ಒಂದು ವಿಂಡೋ ಮ್ಯಾಕ್ಸಿಮೈಜ್ ಆದರೆ ಪಾಪ್ ಅಪ್ ಅಲ್ಲದ ಉಳಿದವೂ ಮ್ಯಾಕ್ಸಿಮೈಜ್ ಆಗುತ್ತವೆ. ರಿಪೋರ್ಟಿನ ಆ್ಯಕ್ಟಿವೇಟ್‌ನಲ್ಲಿ ಡೂಕಮಾಂಡ್.ಮ್ಯಾಕ್ಸಿಮೈಜ್ ಬರೆದಿದ್ದರೆ ಡೀಆ್ಯಕ್ಟಿವೇಟ್ ಅಥವಾ ಕ್ಲೋಸ್‌ನಲ್ಲಿ ಡೂಕಮಾಂಡ್.ರಿಸ್ಟೋರ್ ಬರೆಯಲೇಬೇಕು. ಬರಹದ ಮೊದಲಲ್ಲಿ ಹೇಳಿದ, ಅವಸರದಲ್ಲಿ ಸೇರಿಸಿದ ಆ ಮ್ಯಾಕ್ಸಿಮೈಜ್ ಸಾಲು ಕೈಕೊಡುವುದು ಹೀಗೆ.

ಹೊರಗಿನ ಗೋಡೆಯನ್ನು ದೊಡ್ಡದು ಮಾಡಲು ಡೂಕಮಾಂಡ್.ಮ್ಯಾಕ್ಸಿಮೈಜ್ ಉಪಯೋಗಕ್ಕೆ ಬಾರದು, ಅದು ಕಟ್ಟಿನ ಆಜ್ಞೆ. ಗೋಡೆಗೆ ಬೇಕಾದ್ದು (ಇಂಗ್ಲಿಷಿನಲ್ಲಿ DoCmd.RunCommand acCmdAppMaximize) ಡೂಕಮಾಂಡ್.ರನ್‌ಕಮಾಂಡ್ ಎಸಿಕಮಾಂಡ್‌ಆ್ಯಪ್‌ಮ್ಯಾಕ್ಸಿಮೈಜ್. ಮೊದಲು ತೆರೆಯುವ ಫಾರ್ಮಿನ ಓಪನ್‌ನಲ್ಲಿ ಒಮ್ಮೆ ಇದ್ದರೆ ಸಾಕು. ಕೋಡ್ ಬೇಡವೆಂದರೆ ಡೆಸ್ಕ್‌ಟಾಪ್ ಶಾರ್ಟ್‌ಕಟ್‌ನ ಪ್ರಾಪರ್ಟೀಸ್‌ನಲ್ಲಿ ರನ್ ಎದುರು ಮ್ಯಾಕ್ಸಿಮೈಜ್ಡ್ ಆರಿಸಿ.

ಗೋಡೆಯನ್ನೇ ಮರೆಮಾಡಿ ಫಾರ್ಮ್ ಮಾತ್ರ ತೋರಿಸುವ ಚಪಲ ಹಲವರಿಗೆ. ಶೋವಿಂಡೋ ಎಂಬ ಎಪಿಐನಿಂದ ಅದು ಸಾಧ್ಯ, ಆದರೆ ಪಾಪ್ ಅಪ್ ಅಲ್ಲದ ಫಾರ್ಮುಗಳೆಲ್ಲ ಗೋಡೆಯ ಜೊತೆಗೇ ಮಾಯವಾಗುತ್ತವೆ. ನಡುವೆ ಎರರ್ ಬಂದು ಫಾರ್ಮ್ ಮುಚ್ಚಿಹೋದರೆ ಆಕ್ಸೆಸ್ ಕಾಣದಂತೆ ಓಡುತ್ತಲೇ ಇರುತ್ತದೆ, ಲಾಕ್ ಫೈಲ್ ಉಳಿಯುತ್ತದೆ. ಟಾಸ್ಕ್ ಮ್ಯಾನೇಜರಿನಿಂದ ಮುಗಿಸಬೇಕು. ಇಂಥ ಫೈಲನ್ನು ಶಿಫ್ಟ್ ಒತ್ತಿ ಹಿಡಿದು ತೆರೆದರೆ ಸ್ಟಾರ್ಟ್‌ಅಪ್ ಕೋಡ್ ಓಡದೆ ಒಳಗೆ ಹೋಗಬಹುದು. ರನ್‌ಟೈಮ್‌ನಲ್ಲಿ ಈ ದಾರಿ ಇಲ್ಲ. 2019ರ ಆಫೀಸ್‌ನಿಂದ ಈಚೆಗೆ ತಾನಾಗಿ ಇನ್‌ಸ್ಟಾಲ್ ಆಗುವುದು 64 ಬಿಟ್ ಆವೃತ್ತಿ; ಡಿಕ್ಲೇರ್ ಸಾಲಿನಲ್ಲಿ ಪಿಟಿಆರ್‌ಸೇಫ್ ಇಲ್ಲದ ಹಳೆಯ ಎಪಿಐ ಕೋಡ್ ಅಲ್ಲಿ ಕಂಪೈಲೇ ಆಗುವುದಿಲ್ಲ. ವಿಂಡೋ ಹ್ಯಾಂಡಲ್‌ಗಳನ್ನು ಲಾಂಗ್‌ಪಿಟಿಆರ್ ಎಂದು ಬದಲಿಸುವುದನ್ನೂ ಮರೆಯಬೇಡಿ.

ಫಾರ್ಮ್ ತೆರೆದಿದೆ, ಕಾಣುತ್ತಿಲ್ಲ

ರೈತರಿಗೆ ತೂಕ, ದರ ಕಾಣಲೆಂದು ಎದುರಿಗೆ ಎರಡನೇ ಮಾನಿಟರ್ ಇಟ್ಟಿರುವ ಅಂಗಡಿಗಳಲ್ಲಿ ಇದು ಬರುತ್ತದೆ. ಪಾಪ್ ಅಪ್ ಫಾರ್ಮನ್ನು ಅತ್ತ ಎಳೆದು ಸೇವ್ ಮಾಡಿರುತ್ತಾರೆ, ಅಥವಾ ಕೊನೆಯ ಜಾಗವನ್ನು ಟೇಬಲಿನಲ್ಲಿ ಬರೆದಿಟ್ಟುಕೊಳ್ಳುವ ಕೋಡ್ ಇರುತ್ತದೆ. ಆ ಮಾನಿಟರಿನ ಕೇಬಲ್ ಕಳಚಿದ ದಿನ ಫಾರ್ಮ್ ಇಲ್ಲದ ಪರದೆಯ ಮೇಲೆ ತೆರೆದುಕೊಳ್ಳುತ್ತದೆ. ಅದು ಮೋಡಲ್ (ಮುಚ್ಚುವವರೆಗೆ ಬೇರೆಡೆ ಒತ್ತಲು ಬಿಡದ್ದು) ಆಗಿದ್ದರಂತೂ ಆಕ್ಸೆಸ್ ಎಲ್ಲಿ ಒತ್ತಿದರೂ ಟಿಣ್ ಎನ್ನುತ್ತದೆ, ಗುಮಾಸ್ತರು ಹ್ಯಾಂಗ್ ಆಯಿತು ಎಂದು ಕರೆಂಟ್ ತೆಗೆಯುತ್ತಾರೆ. ಆಲ್ಟ್ ಜೊತೆ ಸ್ಪೇಸ್, ಆಮೇಲೆ ಎಂ, ಆಮೇಲೆ ಬಾಣದ ಕೀಲಿ ಒತ್ತಿ ಇಲಿ ಅಲ್ಲಾಡಿಸಿದರೆ ವಿಂಡೋ ಕೈಗೆ ಬರುತ್ತದೆ. ಫಾರ್ಮಿನ ಕಂಟ್ರೋಲ್ ಬಾಕ್ಸ್ ನೋ ಮಾಡಿದ್ದರೆ ಈ ದಾರಿ ಮುಚ್ಚಿರುತ್ತದೆ. ಆಗ ಎಸ್ಕೇಪ್‌ಗೆ ಕ್ಲೋಸ್ ಬಟನ್ ಕಟ್ಟಿದ್ದರೆ ಬಚಾವ್. ಆಟೋ ಸೆಂಟರ್ ಯೆಸ್ ಮಾಡಿ, ಜಾಗ ನೆನಪಿಡುವ ಕೋಡನ್ನು ತೆಗೆದುಹಾಕಿ.

ಫೈಲ್ ಕೊಡುವ ಮುನ್ನ ನಿಮ್ಮ ಯಂತ್ರದ ರೆಸಲ್ಯೂಶನ್ನನ್ನು 1366×768ಕ್ಕೆ ಇಳಿಸಿ, ಸ್ಕೇಲನ್ನು 125% ಮಾಡಿ, ಒಮ್ಮೆ ಸೈನ್ ಔಟ್ ಆಗಿ ಬಂದು, ರಿಬ್ಬನ್ ಬಿಚ್ಚಿಟ್ಟೇ ಎಲ್ಲ ಫಾರ್ಮುಗಳನ್ನೂ ತೆರೆಯಿರಿ. ತೂಕದ ಪಟ್ಟಿಯ ಸೇವ್ ಬಟನ್ ಸ್ಕ್ರಾಲ್ ಮಾಡದೆ ಕಂಡರೆ ಪೆನ್‌ಡ್ರೈವಿಗೆ ಹಾಕಬಹುದು.